ಒಲ್ಲೆ ಎನ್ನುವ ನಿಷ್ಠೆ

ವಿಗ್ರಹಾರಾಧನೆಯ ಬಗ್ಗೆ ಪ್ರಸಂಗ ಮಾಡುವವರು ಸಾಮಾನ್ಯವಾಗಿ ಮುಟ್ಟದೆ ಬಿಡುವ ಭಾಗವೊಂದು ಬೈಬಲಿನಲ್ಲಿದೆ. ಅದು ಅರಸುಗಳು ಎರಡನೆಯ ಪುಸ್ತಕದ ಐದನೇ ಅಧ್ಯಾಯ. ಅರಾಮ್ ದೇಶದ ಸೇನಾಪತಿ ನಾಮಾನನಿಗೆ ಕುಷ್ಠರೋಗ. ಅವನ ಮನೆಯಲ್ಲಿ ಸೆರೆಯಾಳಾಗಿದ್ದ ಇಸ್ರಾಯೇಲಿನ ಹುಡುಗಿಯೊಬ್ಬಳ ಮಾತು ನಂಬಿ ಅವನು ಶತ್ರುದೇಶದ ಪ್ರವಾದಿ ಎಲೀಷನ ಬಾಗಿಲಿಗೆ ಬರುತ್ತಾನೆ. ಯೊರ್ದನ್ ಹೊಳೆಯಲ್ಲಿ ಏಳು ಸಲ ಮುಳುಗಿ ಗುಣವಾಗುತ್ತಾನೆ. ಇನ್ನು ಇಸ್ರಾಯೇಲಿನ ದೇವರಿಗಲ್ಲದೆ ಬೇರೆ ಯಾರಿಗೂ ಬಲಿ ಅರ್ಪಿಸುವುದಿಲ್ಲ ಎಂದು ಮಾತು ಕೊಟ್ಟು, ಆ ದೇವರ ನೆಲದ ಮಣ್ಣನ್ನು ಎರಡು ಹೇಸರಗತ್ತೆಗಳ ಮೇಲೆ ಹೇರಿಕೊಂಡು ಹೊರಡುತ್ತಾನೆ. ಹೊರಡುವ ಮುನ್ನ ಅವನದೊಂದು ಬಿನ್ನಹ ಉಂಟು. ಅವನ ಅರಸ ರಿಮ್ಮೋನ ದೇವರ ಗುಡಿಗೆ ಹೋಗುವಾಗ ಇವನ ಕೈಯ ಆಸರೆ ಬೇಕು; ಅರಸ ಬಾಗಿದಾಗ ಇವನೂ ಬಾಗಬೇಕು. ಅದೊಂದನ್ನು ದೇವರು ಮನ್ನಿಸಲಿ ಎಂದು ಬೇಡಿಕೊಳ್ಳುತ್ತಾನೆ. ಎಲೀಷ ಗದರುವುದಿಲ್ಲ, ಅದರಲ್ಲಿ ತಪ್ಪೇನಿಲ್ಲ ಎಂದು ಅಪ್ಪಣೆಯನ್ನೂ ಕೊಡುವುದಿಲ್ಲ. ಶಾಂತಿ ಹಾರೈಸಿ ಕಳಿಸಿಕೊಡುತ್ತಾನೆ.

ಇದೇ ಬೈಬಲಿನ ದಾನಿಯೇಲನ ಗ್ರಂಥದ ಮೂರನೇ ಅಧ್ಯಾಯದಲ್ಲಿ ಬಾಬೆಲಿನ ದೊರೆ ನೆಬೂಕದ್ನೆಚ್ಚರ ದೂರಾ ಎಂಬ ಬಯಲಿನಲ್ಲಿ ಅರವತ್ತು ಮೊಳ ಎತ್ತರದ ಬಂಗಾರದ ಪ್ರತಿಮೆ ನಿಲ್ಲಿಸುತ್ತಾನೆ. ವಾದ್ಯ ಮೊಳಗಿದೊಡನೆ ಎಲ್ಲರೂ ಅಡ್ಡಬೀಳಬೇಕು, ಬೀಳದವರು ಉರಿಯುವ ಕುಲುಮೆಗೆ. ಶದ್ರಕ್, ಮೇಶಕ್, ಅಬೇದ್‌ನೆಗೋ ಎಂಬ ಮೂವರು ಯೆಹೂದ್ಯ ಅಧಿಕಾರಿಗಳು ಬಾಗಲಿಲ್ಲ. ನಮ್ಮ ದೇವರು ನಮ್ಮನ್ನು ಉಳಿಸಬಲ್ಲ, ಉಳಿಸದೆ ಹೋದರೂ ನಾವು ಬಾಗುವವರಲ್ಲ ಎಂಬುದು ಅವರ ಉತ್ತರದ ತಿರುಳು.

ಒಬ್ಬ ಬಾಗಿದ, ಅವನಿಗೆ ಶಾಂತಿಯ ಹಾರೈಕೆ ಸಿಕ್ಕಿತು. ಮೂವರು ಬಾಗಲಿಲ್ಲ, ಅವರು ನಿಷ್ಠೆಗೆ ಮಾದರಿಯಾದರು. ಒಂದೇ ಧರ್ಮಗ್ರಂಥ ಎರಡನ್ನೂ ಹೇಗೆ ಒಳಗಿಟ್ಟುಕೊಂಡಿದೆ? ನನ್ನಂಥ ಕನ್ನಡ ಕ್ರೈಸ್ತನಿಗೆ ಇದು ಪುಸ್ತಕದ ಒಳಗಿನ ಒಗಟಲ್ಲ. ನಾನಿರುವುದು ಬಸವೇಶ್ವರನಗರದಲ್ಲಿ. ಏಕದೇವನಿಷ್ಠೆಯನ್ನು ಕನ್ನಡದಲ್ಲಿ ಅತ್ಯಂತ ಖಾರವಾಗಿ ಹೇಳಿದವನ ಹೆಸರು ಈ ಬಡಾವಣೆಗಿದೆ. ವಚನದ ಹಾದಿಯನ್ನು ನಮ್ಮ ಕಾಲದಲ್ಲಿ ಮತ್ತೆ ತುಳಿದ ಸಿದ್ಧಯ್ಯ ಪುರಾಣಿಕರ ಹೆಸರು ಇಲ್ಲಿನ ರಸ್ತೆಗಿದೆ. ರಾಮನವಮಿಗೆ ಪಾನಕ ಕೋಸಂಬರಿ, ಗಣೇಶನ ಹಬ್ಬಕ್ಕೆ ಕಡುಬು, ವರಮಹಾಲಕ್ಷ್ಮಿಗೆ ತಾಂಬೂಲ ಪಕ್ಕದ ಮನೆಯಿಂದ ಬರುತ್ತವೆ. ಕ್ರಿಸ್‌ಮಸ್ಸಿಗೆ ನಮ್ಮ ಮನೆಯಿಂದ ಕಲ್‌ಕಲ್, ರೋಸ್‌ಕುಕ್ಕಿ ಹೋಗುತ್ತವೆ. ದಿನವೂ ಯಾವುದೋ ಒಂದು ಬಾಗಿಲಲ್ಲಿ ನಾವು ನಾಮಾನನ ಜಾಗದಲ್ಲೇ ನಿಂತಿರುತ್ತೇವೆ.

ಆಯುಧಪೂಜೆಯ ದಿನ ಇಲ್ಲಿಂದ ಕೂಗಳತೆಯ ಕಾಮಾಕ್ಷಿಪಾಳ್ಯದ ವರ್ಕ್‌ಶಾಪುಗಳನ್ನು ನೋಡಬೇಕು. ವರ್ಷವೆಲ್ಲ ಎಣ್ಣೆ, ಕಬ್ಬಿಣದ ಪುಡಿ ಮೆತ್ತಿಕೊಂಡಿರುವ ಲೇತ್‌ಗಳನ್ನು ಹಿಂದಿನ ದಿನವೇ ಸೀಮೆಎಣ್ಣೆ ಹಾಕಿ ಒರೆಸಿರುತ್ತಾರೆ. ಚಕ್ಕಿಗೆ ಚೆಂಡುಹೂವಿನ ಹಾರ, ಬೆಡ್ಡಿನ ಮೇಲೆ ಅರಿಸಿನ ಕುಂಕುಮದ ಬೊಟ್ಟು, ಷಟರಿನ ಎರಡೂ ಬದಿಗೆ ಬಾಳೆಕಂದು. ಮಂಗಳಾರತಿ ಆದಮೇಲೆ ಬೂದುಗುಂಬಳಕಾಯಿಗೆ ಕುಂಕುಮ ತುಂಬಿ, ಕಾಸು ಹಾಕಿ ರಸ್ತೆಯಲ್ಲಿ ಒಡೆಯುತ್ತಾರೆ. ಬಳಿಕ ಓನರ್ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು ಕಡ್ಲೆಪುರಿ, ಸಿಹಿಯ ಪೊಟ್ಟಣ, ಬೋನಸ್ಸಿನ ಕವರು ಕೊಡುತ್ತಾರೆ. ಅಲ್ಲಿ ಕ್ರೈಸ್ತ ಟರ್ನರ್ ಒಬ್ಬ ಇದ್ದಾನೆ ಎಂದುಕೊಳ್ಳಿ. ಅವನು ಲೇತ್ ಒರೆಸಬಹುದೇ? ಹಾರ ಕಟ್ಟಬಹುದೇ? ಆರತಿಯ ಹೊತ್ತಿಗೆ ಒಳಗಿರಬೇಕೋ ಹೊರಗೆ ಹೋಗಬೇಕೋ? ಪೊಟ್ಟಣ ತೆಗೆದುಕೊಂಡರೆ ಅವನ ದೇವರಿಗೆ ದ್ರೋಹವೇ? ಇವು ಸಣ್ಣ ಪ್ರಶ್ನೆಗಳೆಂದು ನಗುವವರು ಆ ಮನುಷ್ಯನ ಮನಸ್ಸಾಕ್ಷಿಯನ್ನು ಸಣ್ಣದು ಮಾಡುತ್ತಾರೆ. ಅವನಿಗೆ ಉತ್ತರ ಕೊಡಲಾಗದ ದೈವಶಾಸ್ತ್ರ ಯಾವ ಉಪಯೋಗಕ್ಕೂ ಬಾರದು.

ನಾಮಾನ ಮತ್ತು ಆ ಮೂವರ ನಡುವಿನ ವ್ಯತ್ಯಾಸ ಬೆನ್ನು ಬಾಗಿತೋ ಇಲ್ಲವೋ ಎಂಬುದರಲ್ಲಿ ಇಲ್ಲ. ದೂರಾ ಬಯಲಿನಲ್ಲಿ ಬಾಗುವುದೇ ದೊರೆ ಕೇಳಿದ ಕಪ್ಪ. ಸಂಸ್ಥಾನಗಳ ಅಧಿಕಾರಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಒಂದೇ ಹೊತ್ತಿಗೆ ಬಗ್ಗಿಸಿ, ನಿಮ್ಮ ಮೇಲೆ ನನಗಿಂತ ದೊಡ್ಡವರು ಯಾರೂ ಇಲ್ಲವೆಂದು ಅವರ ಮೈಯಿಂದಲೇ ಹೇಳಿಸಿಕೊಳ್ಳುವ ಏರ್ಪಾಡು ಅದು. ಅಲ್ಲಿ ಬಾಗುವುದೆಂದರೆ ಆಣೆ ಇಡುವುದು. ರಿಮ್ಮೋನನ ಗುಡಿಯಲ್ಲಿ ನಾಮಾನನಿಂದ ಯಾರೂ ಆಣೆ ಕೇಳಲಿಲ್ಲ. ತನ್ನ ಕೈಯನ್ನು ನೆಚ್ಚಿದ ದೊರೆಗೆ ಅವನು ಆಸರೆಯಾಗಿದ್ದ. ಅವನ ಆಣೆ ಆಗಲೇ ಬೇರೆ ಕಡೆ ಸಂದಿತ್ತು, ಎಲೀಷನ ಮುಂದೆ, ಎಲ್ಲರ ಎದುರು.

ಈ ವಾದದ ಅಪಾಯ ನನಗೆ ಗೊತ್ತು. ನಾಮಾನನ ಹೆಸರು ಹೇಳಿ ಪಾರಾಗಲು ನೋಡಿದವರು ಚರಿತ್ರೆಯಲ್ಲಿ ಬಹಳ ಮಂದಿ. ಹದಿನಾರನೆಯ ಶತಮಾನದ ಫ್ರಾನ್ಸಿನಲ್ಲಿ ಮನಸ್ಸಿನಲ್ಲಿ ಸುಧಾರಣೆಯ ಪಂಥ, ಹೊರಗೆ ಹಳೆಯ ಪೂಜೆ ಎಂದು ಎರಡು ದೋಣಿಯಲ್ಲಿ ಕಾಲಿಟ್ಟವರಿದ್ದರು. ರಾತ್ರಿ ಕದ್ದು ಯೇಸುವನ್ನು ನೋಡಲು ಬಂದ ನಿಕೊದೇಮನ ಹೆಸರಿನಿಂದ ಅವರನ್ನು ಹಂಗಿಸಿ ಜಾನ್ ಕ್ಯಾಲ್ವಿನ್ 1544ರಲ್ಲಿ ಒಂದು ಪುಸ್ತಕವನ್ನೇ ಬರೆದ. ಕ್ಯಾಲ್ವಿನನ ಸಿಟ್ಟಿನಲ್ಲಿ ಹುರುಳಿದೆ. ಆದರೆ ನಾಮಾನ ಅಂಥವನಲ್ಲ. ಅವನು ತನ್ನ ಇಕ್ಕಟ್ಟನ್ನು ತಾನೇ ಬಾಯಿಬಿಟ್ಟು ಹೇಳಿದ. ಅದು ಏನೂ ಅಲ್ಲ ಎನ್ನಲಿಲ್ಲ, ಕ್ಷಮೆ ಬೇಡಿದ. ಹೇಸರಗತ್ತೆಗಳ ಮೇಲೆ ಪರದೇಶದ ಮಣ್ಣು ಹೇರಿಕೊಂಡು ರಾಜಧಾನಿಗೆ ಮರಳುವ ಸೇನಾಪತಿ ಗುಟ್ಟು ಕಾಯುವವನೂ ಅಲ್ಲ. ಬಚ್ಚಿಟ್ಟುಕೊಳ್ಳುವ ನಿಷ್ಠೆಗೆ ಈ ಅಧ್ಯಾಯದಲ್ಲಿ ಆಸರೆಯಿಲ್ಲ. ಇಕ್ಕಟ್ಟಿನಲ್ಲೂ ಸತ್ಯ ಹೇಳುವವನಿಗೆ ಮಾತ್ರ ಇದೆ.

ಅಧ್ಯಾಯ ಅಲ್ಲಿಗೆ ಮುಗಿಯುವುದೂ ಇಲ್ಲ. ಗುಣವಾದ ನಾಮಾನ ಬೆಳ್ಳಿ, ಬಂಗಾರ, ಉಡುಪು ಕೊಡಲು ಬಂದಾಗ ಎಲೀಷ ಒಲ್ಲೆ ಎನ್ನುತ್ತಾನೆ. ಎಲೀಷನ ಆಳು ಗೇಹಜಿಗೆ ಅದು ತಡೆಯಲಾಗುವುದಿಲ್ಲ. ಹಿಂದಿನಿಂದ ಓಡಿಹೋಗಿ, ಸುಳ್ಳು ಹೇಳಿ, ಎರಡು ತಲಾಂತು ಬೆಳ್ಳಿಯನ್ನೂ ಉಡುಪುಗಳನ್ನೂ ಪಡೆದು ಮನೆಯಲ್ಲಿ ಬಚ್ಚಿಡುತ್ತಾನೆ. ನಾಮಾನನ ಕುಷ್ಠ ಅವನಿಗೆ ಅಂಟುತ್ತದೆ. ಅನ್ಯದೇವರ ಗುಡಿಯಲ್ಲಿ ಬಾಗಲಿರುವವನು ಶುದ್ಧನಾಗಿ ಮನೆಗೆ ಹೋದ. ಪ್ರವಾದಿಯ ಮನೆಯಲ್ಲೇ ಇದ್ದು ಯಾವ ವಿಗ್ರಹಕ್ಕೂ ಕೈಮುಗಿಯದವನು ರೋಗಿಯಾದ. ಈ ಎರಡನ್ನೂ ಒಂದೇ ಅಧ್ಯಾಯದಲ್ಲಿ ಇಟ್ಟ ಬರಹಗಾರನಿಗೆ ತಾನೇನು ಹೇಳುತ್ತಿದ್ದೇನೆಂಬುದು ಚೆನ್ನಾಗಿ ಗೊತ್ತಿತ್ತು. ಬೆಳ್ಳಿಗೆ ಒಲ್ಲೆ ಎನ್ನಲಾರದವನ ದೇವರು ಬೆಳ್ಳಿಯೇ.

ಬಂಗಾರದ ಕರುವಿನ ಕಥೆಯನ್ನು ನಾನು ಈ ಬೆಳಕಿನಲ್ಲಿ ಓದುತ್ತೇನೆ. ವಿಮೋಚನಕಾಂಡದ 32ನೇ ಅಧ್ಯಾಯದಲ್ಲಿ ಮೋಶೆ ಸೀನಾಯಿ ಬೆಟ್ಟ ಹತ್ತಿ ನಲವತ್ತು ದಿನವಾದರೂ ಇಳಿಯಲಿಲ್ಲ. ಜನ ಆರೋನನನ್ನು ಮುತ್ತಿದರು. ನಮ್ಮ ಮುಂದೆ ನಡೆಯುವ ದೇವರನ್ನು ಮಾಡಿಕೊಡು ಎಂದರು. ಅವನು ಅವರ ಹೆಂಡಿರು ಮಕ್ಕಳ ಓಲೆಗಳನ್ನು ತರಿಸಿ ಕರಗಿಸಿ ಕರು ಮಾಡಿದ. ಮರುದಿನ ಅದರ ಮುಂದೆ ಹಬ್ಬ ಎಂದು ಸಾರಿದಾಗ ಅವನು ಹೇಳಿದ್ದು ಯಾವುದೋ ಪರದೇವರ ಹೆಸರನ್ನಲ್ಲ, ಯೆಹೋವನ ಹೆಸರನ್ನೇ. ದೇವರ ಹೆಸರು ಬದಲಾಗಲಿಲ್ಲ. ಗುಂಪಿನ ಅವಸರಕ್ಕೆ ತಕ್ಕಂತೆ ದೇವರೇ ಬದಲಾದ. ಬೆಟ್ಟದ ಮೇಲಿರುವವನು ಕಾಯಿಸುತ್ತಾನೆ, ಆಜ್ಞೆ ಕೊಡುತ್ತಾನೆ, ಕೇಳಿದ್ದಕ್ಕೆಲ್ಲ ಹೂಂ ಎನ್ನುವುದಿಲ್ಲ. ಕರು ಹಾಗಲ್ಲ, ಹೊತ್ತೊಯ್ದ ಕಡೆ ಬರುತ್ತದೆ. ಮೋಶೆ ಇಳಿದು ಬಂದು ಕೇಳಿದಾಗ ಆರೋನ ಜನರ ಮೇಲೆ ಹೊರಿಸಿದ. ಬಂಗಾರವನ್ನು ಬೆಂಕಿಗೆ ಹಾಕಿದೆ, ಈ ಕರು ತಾನಾಗಿ ಬಂತು ಎಂಬಂತೆ ಮಾತಾಡಿದ. ಆರೋನನಿಗೆ ದೇವತಾತತ್ತ್ವ ತಿಳಿಯದೇ ಇರಲಿಲ್ಲ. ಅವನು ಮಹಾಯಾಜಕನಾಗಲಿದ್ದವನು. ಅವನಿಂದ ಆಗದೆ ಹೋದದ್ದು ಒಂದೇ: ತನ್ನದೇ ಜನರ ಗುಂಪಿಗೆ ಒಲ್ಲೆ ಎನ್ನುವುದು.

ನಾನು ವಾದಿಸುತ್ತಿರುವುದು ಇಷ್ಟು. ಬೈಬಲಿನಲ್ಲಿ ವಿಗ್ರಹಾರಾಧನೆ ಎಂಬುದು ಮೊದಲಿಗೆ ಆಕಾರದ ಪ್ರಶ್ನೆಯಲ್ಲ, ಆಜ್ಞೆಯ ಪ್ರಶ್ನೆ. ಯಾರ ಮಾತಿಗೆ ನಾವು ಇಲ್ಲ ಎನ್ನಲಾರೆವೋ ಅವರೇ ನಮ್ಮ ದೇವರು, ಬಾಯಲ್ಲಿ ಯಾವ ಹೆಸರನ್ನೇ ಹೇಳಲಿ. ನಿಷ್ಠೆಯೆಂದರೆ ಆಣೆ ಕೇಳುವ ಸುಳ್ಳು ಒಡೆಯರಿಗೆ ಒಲ್ಲೆ ಎನ್ನುವ ಬಲ. ಆ ಬಲವಿದ್ದವನಿಗೆ ನೆರೆಮನೆಯ ತಟ್ಟೆಯನ್ನು ಕಂಡು ಹೆದರುವ ಅಗತ್ಯವಿರುವುದಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಸರಳವೂ ಗಟ್ಟಿಯೂ ಆದದ್ದು. ಹತ್ತು ಆಜ್ಞೆಗಳು ಮೂರ್ತಿಯನ್ನು ಕೆತ್ತಬೇಡಿ, ಅಡ್ಡಬೀಳಬೇಡಿ ಎಂದು ನೇರವಾಗಿ ವಿಧಿಸಿವೆ. ಅದನ್ನು ಒಳಗಿನ ಮಾತಾಗಿ ತಿರುಗಿಸಿದರೆ ಆಜ್ಞೆಯನ್ನೇ ಕರಗಿಸಿದ ಹಾಗಲ್ಲವೇ? ಖಂಡಿತ ಆ ಆಜ್ಞೆ ನನ್ನ ಮೇಲಿದೆ, ನಾನು ಅದನ್ನು ಹಗುರಮಾಡಲಾರೆ. ಆದರೆ ಅದನ್ನು ಕೊಟ್ಟ ದೇವರೇ ಒಡಂಬಡಿಕೆಯ ಮಂಜೂಷದ ಮೇಲೆ ಎರಡು ಕೆರೂಬಿಗಳ ಆಕೃತಿ ಮಾಡಿಸಿದ. ಅರಣ್ಯದಲ್ಲಿ ಹಾವು ಕಚ್ಚಿದವರು ನೋಡಿ ಬದುಕಲೆಂದು ತಾಮ್ರದ ಸರ್ಪವನ್ನು ಕಂಬಕ್ಕೇರಿಸಲು ಮೋಶೆಗೆ ಹೇಳಿದ. ಶತಮಾನಗಳ ಮೇಲೆ ಜನ ಆ ಸರ್ಪಕ್ಕೇ ಧೂಪ ಹಾಕತೊಡಗಿದಾಗ ಅರಸ ಹಿಜ್ಕೀಯ ಅದನ್ನು ಒಡೆದು ಚೂರುಮಾಡಿಸಿದ. ದೇವರೇ ಮಾಡಿಸಿದ್ದು, ಮೋಶೆಯ ಕೈಯಿಂದ ಬಂದದ್ದು, ಪ್ರಾಣ ಉಳಿಸಿದ್ದು, ಅದೂ ವಿಗ್ರಹವಾಗಬಲ್ಲದು. ಯೆರೂಸಲೇಮಿನ ದೇವಾಲಯವೊಂದಿದ್ದರೆ ಸಾಕು, ಪರದೇಶಿ, ಅನಾಥ, ವಿಧವೆಯರ ಮೇಲೆ ಎಷ್ಟು ಅನ್ಯಾಯ ಮಾಡಿದರೂ ತಮಗೇನೂ ಆಗದು ಎಂದು ನಂಬಿದವರನ್ನು ಪ್ರವಾದಿ ಯೆರೆಮೀಯ ದೇವಾಲಯದ ಬಾಗಿಲಲ್ಲೇ ನಿಂತು ಎಚ್ಚರಿಸಿದ. ಮೂರ್ತಿಯಿಲ್ಲದ ಆಲಯವೂ ಹೀಗೆ ವಿಗ್ರಹದ ಜಾಗಕ್ಕೆ ಬಂದಿತ್ತು. ಮೂರ್ತಿ ಇಲ್ಲದ ಚರ್ಚಿನಲ್ಲಿ ಕುಳಿತವರು ಈ ಆಜ್ಞೆ ತಮಗೆ ಸಂಬಂಧಿಸಿದ್ದಲ್ಲ ಎಂದು ಹಾಯಾಗಿರುವಂತಿಲ್ಲ.

ಎರಡನೆಯ ಆಕ್ಷೇಪ ಇನ್ನೂ ತೊಡಕಿನದು. ಯೆಶಾಯನ ಗ್ರಂಥದ 44ನೇ ಅಧ್ಯಾಯದಂಥ ಭಾಗಗಳಲ್ಲಿ ಮರದ ಅರ್ಧದಿಂದ ಅಡುಗೆ ಮಾಡಿ, ಉಳಿದರ್ಧದಿಂದ ದೇವರನ್ನು ಮಾಡಿ ಬೇಡುವವನ ಗೇಲಿ ಇದೆಯಲ್ಲ? ಅದು ಅನ್ಯರ ಪೂಜೆಯ ನಿಂದೆಯೇ ಅಲ್ಲವೇ? ಹೌದು, ಅದು ಗೇಲಿಯೇ. ಆದರೆ ಅದು ಯಾರ ಬಾಯಿಂದ ಬಂತು, ಯಾರ ಕಿವಿಗೆ ಬಿತ್ತು ಎಂಬುದನ್ನು ಕೇಳಬೇಕು. ನಾಡು, ಅರಸು, ಗುಡಿ ಎಲ್ಲ ಕಳೆದುಕೊಂಡು ಬಾಬೆಲಿನಲ್ಲಿ ಸೆರೆಯಾಗಿದ್ದ ಸೋತ ಜನರ ಮುಂದೆ ಆ ಸಾಮ್ರಾಜ್ಯದ ದೇವತೆಗಳ ಮೆರವಣಿಗೆ ನಡೆಯುತ್ತಿತ್ತು. ಹೆದರಬೇಡಿ, ಆ ಬಲಕ್ಕೆ ಅಂಜಿ ನಿಮ್ಮನ್ನು ಮಾರಿಕೊಳ್ಳಬೇಡಿ ಎಂದು ತನ್ನ ಜನಕ್ಕೆ ಧೈರ್ಯ ಹೇಳುವ ಮಾತು ಅದು. ಬಲಹೀನರು ಸಾಮ್ರಾಜ್ಯದ ವಿರುದ್ಧ ಆಡಿದ ಮಾತನ್ನು ಸಾಮ್ರಾಜ್ಯದ ನೆರಳಲ್ಲಿ ನಿಂತವರು ಬಡವರ ಹೊಲದ ಕಲ್ಲಿನ ಮೇಲೆ ಪ್ರಯೋಗಿಸಿದಾಗ ಅಕ್ಷರ ಅದೇ ಇದ್ದರೂ ಅರ್ಥ ಸತ್ತಿರುತ್ತದೆ.

ಕನ್ನಡ ನಾಡಿನಲ್ಲಿ ಆದದ್ದು ಬಹುಮಟ್ಟಿಗೆ ಅದೇ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಬೈಬಲನ್ನು ಕನ್ನಡಕ್ಕೆ ತಂದರು. ಆ ಋಣ ದೊಡ್ಡದು. ಜೊತೆಯಲ್ಲೇ ವಿಗ್ರಹಖಂಡನೆಯ ಕರಪತ್ರಗಳೂ ಬಂದವು. ಪ್ರವಾದಿಗಳು ತಮ್ಮವರ ಎದೆಗೆ ಗುರಿಯಿಟ್ಟ ಬಾಣ ಪಕ್ಕದವರ ಎದೆಗೆ ತಿರುಗಿತು. ಎಲ್ಲರೂ ಒಂದೇ ತೆರನಾಗಿ ನಡೆದುಕೊಂಡರು ಎನ್ನಲಾಗದು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ತನ್ನ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಬಸವಪುರಾಣವನ್ನೂ ಅಚ್ಚುಮಾಡಿಸಿದ. ನೆರೆಯವನ ಗ್ರಂಥವನ್ನು ಅಕ್ಕರೆಯಿಂದ ಓದುವುದು ತನ್ನ ದೇವರಿಗೆ ಬಗೆದ ದ್ರೋಹವೆಂದು ಅವನಿಗೆ ಅನಿಸಿರಲಾರದು.

ಕರಪತ್ರದ ಚಾಳಿ ಹತ್ತೊಂಬತ್ತನೆಯ ಶತಮಾನಕ್ಕೇ ಮುಗಿಯಲಿಲ್ಲ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನಲ್ಲೂ ಸುತ್ತಮುತ್ತಲೂ ಚರ್ಚು, ಪ್ರಾರ್ಥನಾಮಂದಿರಗಳ ಮೇಲೆ ದಾಳಿ ನಡೆದಾಗ, ಹಿಂದೂ ದೇವತೆಗಳನ್ನು ಹೀನಾಯವಾಗಿ ಚಿತ್ರಿಸಿದ ಪುಸ್ತಕ ಹಂಚಿದ್ದಾರೆಂಬ ಆರೋಪ ಕೇಳಿಬಂದಿತ್ತು. ಪ್ರಾರ್ಥಿಸುವವರ ಮೇಲೆ ಕೈಮಾಡುವುದಕ್ಕೆ ಯಾವ ಪುಸ್ತಕವೂ ಸಮರ್ಥನೆಯಾಗದು. ಆ ದಾಳಿಗಳನ್ನು ನಾನು ಖಂಡತುಂಡವಾಗಿ ವಿರೋಧಿಸುತ್ತೇನೆ. ಅಷ್ಟೇ ಖಚಿತವಾಗಿ ನನ್ನ ಜನಕ್ಕೂ ಹೇಳುತ್ತೇನೆ: ನೆರೆಯವನ ದೇವರನ್ನು ಹೀಯಾಳಿಸುವುದರಿಂದ ನಮ್ಮ ದೇವರ ಮೇಲಿನ ನಿಷ್ಠೆ ಒಂದು ಗುಲಗಂಜಿಯಷ್ಟೂ ಹೆಚ್ಚುವುದಿಲ್ಲ.

ಹಾಗಾದರೆ ತಟ್ಟೆಯ ಪ್ರಶ್ನೆ? ಕೊರಿಂಥದ ಸಭೆಗೆ ಬರೆದ ಮೊದಲ ಪತ್ರಿಕೆಯಲ್ಲಿ ಪೌಲ ಮೂರು ಅಧ್ಯಾಯಗಳನ್ನು ಈ ವಿಷಯಕ್ಕೆ ಹರಡಿದ್ದಾನೆ. ಆ ಪಟ್ಟಣದ ಸಂತೆಯಲ್ಲಿ ಮಾರುತ್ತಿದ್ದ ಮಾಂಸದಲ್ಲಿ ಗುಡಿಯಲ್ಲಿ ಅರ್ಪಿತವಾದದ್ದೂ ಸೇರಿರುತ್ತಿತ್ತು. ಪೌಲನ ತೀರ್ಪಿಗೆ ಮೂರು ಕಣ್ಣು. ಸಂತೆಯಲ್ಲಿ ಕೊಂಡದ್ದನ್ನೂ ಕರೆದವರ ಮನೆಯಲ್ಲಿ ಬಡಿಸಿದ್ದನ್ನೂ ವಿಚಾರಣೆ ಮಾಡದೆ ಉಣ್ಣಬಹುದು, ಏಕೆಂದರೆ ಭೂಮಿಯೂ ಅದರಲ್ಲಿರುವುದೂ ದೇವರದ್ದೇ. ಇದು ಅರ್ಪಿಸಿದ್ದು ಎಂದು ಯಾರಾದರೂ ಎತ್ತಿ ಹೇಳಿದರೆ ಉಣ್ಣಬಾರದು. ನಿನ್ನ ಸಲುವಾಗಿ ಅಲ್ಲ, ಹೇಳಿದವನ ಮನಸ್ಸಾಕ್ಷಿಯ ಸಲುವಾಗಿ. ಬಲಿಪೂಜೆಯ ಪಂಕ್ತಿಯಲ್ಲೇ ಭಾಗಿಯಾಗಿ ಕೂರುವುದು ಮಾತ್ರ ಆಗದು. ಇದೆಲ್ಲಕ್ಕೂ ಮುಂಚೆ ಅವನು ಜ್ಞಾನದ ಉಬ್ಬಿಗಿಂತ ಪ್ರೀತಿಯ ಕಟ್ಟೋಣ ದೊಡ್ಡದೆಂಬುದನ್ನು ತಳಪಾಯವಾಗಿ ಇಟ್ಟಿದ್ದಾನೆ.

ಎರಡನೆಯ ಕಣ್ಣು ನಮ್ಮ ಬೀದಿಯಲ್ಲಿ ನೇರವಾಗಿ ತಾಗುತ್ತದೆ. ನಮ್ಮಲ್ಲಿ ತಟ್ಟೆ ತಂದವರು ಪೂಜೆಯದ್ದು ಎಂದು ಹೇಳಿಯೇ ಕೊಡುತ್ತಾರೆ. ಹೇಳಿದ ಮೇಲೆ ಬೇಡವೆನ್ನಬೇಕೇ? ಪೌಲ ಲೆಕ್ಕಕ್ಕೆ ತೆಗೆದುಕೊಂಡದ್ದು ಆ ಹೇಳಿಕೆಯ ಹಿಂದಿನ ಗ್ರಹಿಕೆಯನ್ನು. ಇವನು ಉಂಡರೆ ನಮ್ಮ ದೇವರನ್ನು ಒಪ್ಪಿಕೊಂಡ ಹಾಗೆ ಎಂದು ಹೇಳಿದವನು ತಿಳಿದಿದ್ದರೆ ಆ ತುತ್ತು ಆಣೆಯಾಗುತ್ತದೆ, ಅಲ್ಲಿ ಒಲ್ಲೆ ಎನ್ನಲೇಬೇಕು. ವರ್ಷಗಳಿಂದ ನಾವು ಭಾನುವಾರ ಎಲ್ಲಿಗೆ ಹೋಗುತ್ತೇವೆಂದು ಬಲ್ಲ ಪಕ್ಕದ ಮನೆಯ ಅಜ್ಜಿ ಪಾನಕದ ಲೋಟ ಹಿಡಿದು ಬಂದಾಗ ಕೇಳುವುದು ಆಣೆಯನ್ನಲ್ಲ. ಹಬ್ಬದ ದಿನ ನಿಮ್ಮನ್ನು ಬಿಟ್ಟು ನಾವು ಕುಡಿಯುವುದಿಲ್ಲ ಎಂಬುದೇ ಆಕೆಯ ಅರ್ಥ. ಅದನ್ನು ನಾನು ದೇವರಿಗೆ ವಂದನೆ ಹೇಳಿ ಕುಡಿಯುತ್ತೇನೆ. ನಮ್ಮದೇ ಸಭೆಯಲ್ಲಿ ಅದನ್ನು ಕಂಡು ಎಡವುವವರಿದ್ದರೆ, ಅದರಲ್ಲೂ ಈಚೆಗೆ ಬಹಳ ಕಷ್ಟಪಟ್ಟು ನಂಬಿಕೆಗೆ ಬಂದವರಿದ್ದರೆ, ಅವರ ಮುಂದೆ ಕುಡಿಯುವುದಿಲ್ಲ. ಬೇಡ ಎನ್ನುವ ಕ್ರೈಸ್ತ ಕುಟುಂಬವೂ ತಪ್ಪು ಮಾಡುತ್ತಿಲ್ಲ. ನಮಸ್ಕರಿಸಿ ನಯವಾಗಿ ಬೇಡವೆಂದವರನ್ನು ಸೊಕ್ಕಿನವರೆಂದು ತಿಳಿಯಬಾರದೆಂದು ನೆರೆಯವರಲ್ಲಿ ನನ್ನ ವಿನಂತಿ.

ಕಾಮಾಕ್ಷಿಪಾಳ್ಯದ ಟರ್ನರಿಗೂ ಇದೇ ಅಳತೆ. ಲೇತ್ ಒರೆಸುವುದು ಅವನ ಕೆಲಸ. ಪೊಟ್ಟಣ ಓನರಿನ ಪ್ರೀತಿ, ಬೋನಸ್ಸು ಅವನ ದುಡಿಮೆ. ಆರತಿಯ ಹೊತ್ತಿಗೆ ಮರ್ಯಾದೆಯಿಂದ ನಿಂತು, ಕೈಮುಗಿಯದೆ ಸುಮ್ಮನಿದ್ದರೆ ಅವನು ಯಾರನ್ನೂ ಅವಮಾನಿಸಲಿಲ್ಲ, ತನ್ನ ದೇವರನ್ನೂ ಬಿಟ್ಟುಕೊಡಲಿಲ್ಲ. ಕುಂಕುಮ ಇಟ್ಟುಕೊಳ್ಳದಿದ್ದರೆ ಕೆಲಸವಿಲ್ಲ ಎಂದು ಯಾರಾದರೂ ಹೇಳಿದರೆ ಮಾತ್ರ ಆ ವರ್ಕ್‌ಶಾಪು ದೂರಾ ಬಯಲಾಗುತ್ತದೆ.

ಮರ್ಯಾದೆಯಿಂದ ನಿಂತು, ಆಣೆಯನ್ನು ಮಾತ್ರ ಕೊಡದಿರುವ ಈ ನಡೆಗೆ ನಮ್ಮ ದೇಶದ ಸುಪ್ರೀಂ ಕೋರ್ಟಿನ ಮನ್ನಣೆ ಇದೆ. 1985ರಲ್ಲಿ ಕೇರಳದ ಶಾಲೆಯೊಂದು ಯೆಹೋವನ ಸಾಕ್ಷಿಗಳ ಪಂಥದ ಮೂವರು ಮಕ್ಕಳನ್ನು ಹೊರಹಾಕಿತು. ರಾಷ್ಟ್ರಗೀತೆಯ ಹೊತ್ತಿಗೆ ಅವರು ಎದ್ದು ಗೌರವದಿಂದ ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ; ಹಾಡುವುದು ತಮ್ಮ ದೇವರಿಗೆ ಮಾತ್ರ ಸಲ್ಲಬೇಕಾದ ಆರಾಧನೆಯಾಗುತ್ತದೆ ಎಂಬುದು ಅವರ ನಂಬಿಕೆ. ಬಿಜೋ ಇಮ್ಯಾನುಯೆಲ್ ಪ್ರಕರಣವೆಂದು ಹೆಸರಾದ ಆ ಮೊಕದ್ದಮೆಯಲ್ಲಿ 1986ರ ಆಗಸ್ಟಿನಲ್ಲಿ ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ಅವರಿದ್ದ ಪೀಠ ಮಕ್ಕಳ ಪರ ತೀರ್ಪು ಕೊಟ್ಟಿತು. ಗೀತೆಯ ವಿಚಾರದಲ್ಲಿ ಆ ಮಕ್ಕಳ ನಂಬಿಕೆಗೆ ನನ್ನ ಒಪ್ಪಿಗೆಯಿಲ್ಲ, ನಾನು ಹಾಡುತ್ತೇನೆ. ಅವರ ನಿಲುವನ್ನು ಮಾತ್ರ ಗೌರವಿಸುತ್ತೇನೆ. ಅಂಥ ಮಕ್ಕಳಿಗೆ ಜಾಗ ಕೊಡುವ ದೇಶ ತನ್ನನ್ನು ತಾನು ವಿಗ್ರಹ ಮಾಡಿಕೊಳ್ಳದೆ ಉಳಿಯುತ್ತದೆ.

ಎಲ್ಲರಿಗೂ ಆ ಗಟ್ಟಿತನ ಬರುವುದಿಲ್ಲ. ಕ್ರಿ.ಶ. 250ರಲ್ಲಿ ರೋಮಿನ ಚಕ್ರವರ್ತಿ ಡೀಸಿಯಸ್ ಪ್ರಜೆಗಳೆಲ್ಲ ದೇವತೆಗಳಿಗೆ ಬಲಿ ಕೊಟ್ಟು ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞೆ ಹೊರಡಿಸಿದಾಗ ಹಲವು ಕ್ರೈಸ್ತರು ಹೆದರಿ ಕೊಟ್ಟರು, ಕೆಲವರು ಲಂಚ ತೆತ್ತು ಪತ್ರ ಕೊಂಡರು. ಅವರನ್ನು ಮತ್ತೆ ಸೇರಿಸಿಕೊಳ್ಳಬೇಕೇ ಎಂಬ ಜಗಳದಲ್ಲಿ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಮೊದಲಾದವರು ಪಶ್ಚಾತ್ತಾಪದ ದಾರಿಯನ್ನು ತೆರೆದಿಟ್ಟರು. ನಮ್ಮಲ್ಲೂ 1784ರಲ್ಲಿ ಟಿಪ್ಪುವಿನ ಆಜ್ಞೆಯ ಮೇರೆಗೆ ಕರಾವಳಿಯ ಕ್ಯಾಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು, ಹಲವರ ಮತವನ್ನು ಬಲವಂತದಿಂದ ಬದಲಿಸಲಾಯಿತು. 1799ರ ಬಳಿಕ ಬದುಕುಳಿದವರು ಊರಿಗೆ ಮರಳಿ ಚರ್ಚುಗಳನ್ನು ಮತ್ತೆ ಎಬ್ಬಿಸಿದರು. ಕತ್ತಿಯ ಕೆಳಗೆ ಬಾಗಿದವನನ್ನು ತೂಗಲು ಸುಖವಾಗಿ ಕುಳಿತವನಿಗೆ ಹಕ್ಕಿಲ್ಲ. ಎಲೀಷನ ಶಾಂತಿಯ ಹಾರೈಕೆ ಅಂಥವರಿಗೂ ಸಲ್ಲಬೇಕು.

ಇಷ್ಟರಲ್ಲಿ ಬಸವಣ್ಣನ ವಿಷಯಕ್ಕೆ ಬಾರದೆ ಇರಲಾಗದು. ಈ ಊರಿನಲ್ಲಿ ನಾಮಾನನನ್ನು ಓದುವಾಗ ನನಗೆ ಅವನೇ ಎದುರು ಬರುತ್ತಾನೆ. ಇಸ್ರಾಯೇಲಿನ ಪ್ರವಾದಿ ಹೋಶೇಯ ಭಕ್ತಿಯನ್ನು ದಾಂಪತ್ಯದ ನಿಷ್ಠೆಯಾಗಿ ಕಂಡ ಹಾಗೆ ಬಸವಣ್ಣನೂ ಕಂಡ; ಕಂಡಕಂಡದ್ದಕ್ಕೆಲ್ಲ ಕೈಮುಗಿಯುವ ಭಕ್ತಿಯನ್ನು ಹಂಗಿಸಿದ. ಅವನೂ ಅದನ್ನು ಹೇಳಿದ್ದು ತನ್ನದೇ ಸಮಾಜದ ಒಳಗೆ ನಿಂತು, ತನ್ನವರಿಗೆ. ಆಕಾರವನ್ನು ಅವನು ಪೂರ್ತಿ ತೊಡೆದುಹಾಕಲಿಲ್ಲ. ಗುಡಿಯ ಒಳಗೆ ಬಿಟ್ಟುಕೊಳ್ಳದವರ ಅಂಗೈಗೂ ಲಿಂಗ ಬಂತು. ದೇವರಿಗೂ ಭಕ್ತನಿಗೂ ನಡುವೆ ಕಾವಲು ಕೂತ ಅಧಿಕಾರ ಹೋಯಿತು. ಅವನ ದೇವರೂ ನನ್ನ ದೇವರೂ ಒಂದೇ ಎಂದು ಸುಲಭದ ಸಮನ್ವಯ ಮಾಡಲು ನಾನು ಹೊರಟಿಲ್ಲ. ಅವನ ದೇವರು ಕೂಡಲಸಂಗಮನಾಥ; ನನ್ನ ನಂಬಿಕೆ ಶಿಲುಬೆಗೇರಿದ ಯೇಸುವಿನಲ್ಲಿ. ನಾನು ಹೇಳುವುದು ಅವನ ನಡೆಯ ಬಗ್ಗೆ.

ಬಸವಣ್ಣ ನಿಂತದ್ದು ನಾಮಾನನ ಜಾಗದಲ್ಲಿ. ಕಲಚುರಿ ಬಿಜ್ಜಳನ ಭಂಡಾರಿ ಅವನು. ಅರಸನಿಗೆ ಕೈ ಆಸರೆ ಕೊಟ್ಟ, ಅರಮನೆಯ ಲೆಕ್ಕ ನೋಡಿದ, ಅರಮನೆಯ ಕಟ್ಟಳೆಗಳ ನಡುವೆ ವರ್ಷಗಟ್ಟಲೆ ಬದುಕಿದ. ಆ ಸೇವೆಯನ್ನು ಅವನು ತನ್ನ ಭಕ್ತಿಗೆ ದ್ರೋಹವೆಂದು ಎಣಿಸಲಿಲ್ಲ. ಕೊನೆಗೆ ಕಲ್ಯಾಣದಲ್ಲಿ ಮಧುವಯ್ಯನ ಮಗಳನ್ನು ಹರಳಯ್ಯನ ಮಗನಿಗೆ ಕೊಟ್ಟು ಮದುವೆಯಾಯಿತು, ಬ್ರಾಹ್ಮಣ ಮೂಲದ ಮನೆಗೂ ಸಮಗಾರರ ಮನೆಗೂ ನಂಟು ಬೆಳೆಯಿತು. ಶರಣಪರಂಪರೆ ಹೇಳುವಂತೆ ಬಿಜ್ಜಳ ಇಬ್ಬರು ತಂದೆಯರಿಗೂ ಘೋರ ಶಿಕ್ಷೆ ವಿಧಿಸಿದ. ಆಗ ಬಸವಣ್ಣನ ಮುಂದೆ ದೂರಾ ಬಯಲು ತೆರೆಯಿತು. ಅರಸನ ಆಸ್ಥಾನ ಕೇಳಿದ್ದು ಆಣೆಯನ್ನು: ಜಾತಿಯ ಕಟ್ಟಳೆ ನಿನ್ನ ದೇವರಿಗಿಂತ ದೊಡ್ಡದೆಂದು ಒಪ್ಪಿಕೋ. ಅವನು ಒಪ್ಪಲಿಲ್ಲ, ಪದವಿ ಬಿಟ್ಟು ಕೂಡಲಸಂಗಮಕ್ಕೆ ನಡೆದ.

ಇಲ್ಲಿಗೆ ನನ್ನ ಜನಕ್ಕೆ ಹೇಳಬೇಕಾದ ಮಾತು ಬಂತು. ಬಾಗಿಲಿಗೆ ಬಂದ ಕಡುಬಿನ ತಟ್ಟೆಯನ್ನು ವಿಗ್ರಹದ ಹೆಸರಲ್ಲಿ ಹಿಂದಕ್ಕೆ ಕಳಿಸುವ ಮನೆಯಲ್ಲೇ ಮಗಳ ಸಂಬಂಧ ನೋಡುವಾಗ ಹುಡುಗನ ಅಜ್ಜ ಮತಾಂತರಕ್ಕೆ ಮುಂಚೆ ಯಾವ ಜಾತಿ ಎಂದು ವಿಚಾರಿಸುತ್ತಾರೆ. ಕರಾವಳಿಯ ಕ್ಯಾಥೊಲಿಕರ ಮದುವೆಯ ಮಾತಿನಲ್ಲಿ ಬಾಮೊಣ್, ಚಾರೊಡಿ ಎಂಬ ಹೆಸರುಗಳು ಇನ್ನೂ ಕೇಳಿಬರುತ್ತವೆ. ಬಯಲುಸೀಮೆಯ ಪ್ರೊಟೆಸ್ಟಂಟರು ಹೆಸರು ಹೇಳದೆ ಅದೇ ಲೆಕ್ಕ ಹಾಕುತ್ತಾರೆ. ನೆರೆಯ ತಮಿಳುನಾಡಿನ ತಿರುಚಿ‌ರಾಪಳ್ಳಿಯ ಮೇಲಪುದೂರಿನಲ್ಲಿ ಸತ್ತ ಕ್ರೈಸ್ತರ ನಡುವೆಯೂ ಜಾತಿಯ ಗೋಡೆ ಎದ್ದಿತ್ತು. ಅದರ ವಿರುದ್ಧ ದಲಿತ ಕ್ರೈಸ್ತರು ಹೋರಾಡಬೇಕಾಯಿತು. ಒಂದೇ ರೊಟ್ಟಿ ಮುರಿದು ಒಂದೇ ಪಾತ್ರೆಯಲ್ಲಿ ಕುಡಿದವರು ಮದುವೆಯ ಚಪ್ಪರದಲ್ಲೂ ಮಣ್ಣಿನಲ್ಲೂ ಬೇರೆಯಾದರೆ, ನಮ್ಮ ಮೇಲೆ ಕೊನೆಯ ಆಜ್ಞೆ ನಡೆಸುತ್ತಿರುವವರು ಯಾರು? ಕ್ರಿಸ್ತನಂತೂ ಅಲ್ಲ. ಬಂಧುಬಳಗ ಏನೆಂದೀತು ಎಂಬ ಹೆದರಿಕೆಯಲ್ಲಿ ನಾವು ಆರೋನನ ಹಾಗೆ ಕರಗಿಸಿ ಮಾಡಿಕೊಂಡ ಕರು ಇದು. ಅವನ ಹಾಗೆಯೇ ಇದರ ಮುಂದೆಯೂ ನಾವು ದೇವರ ಹೆಸರಲ್ಲೇ ಹಬ್ಬ ಸಾರುತ್ತೇವೆ.

ಆದ್ದರಿಂದ ವಿಗ್ರಹಾರಾಧನೆಯ ವಾಕ್ಯಭಾಗ ಓದಿದಾಗ ನಮ್ಮ ಸಭೆಗಳು ಕಿಟಕಿಯಿಂದ ಹೊರಗಿನ ಗುಡಿಯತ್ತ ನೋಡುವುದನ್ನು ಬಿಡಬೇಕು. ನಾವು ಯಾವುದಕ್ಕೆ ಒಲ್ಲೆ ಎನ್ನಲಾರದೆ ಹೋಗಿದ್ದೇವೆ ಎಂದು ಕೇಳಿಕೊಳ್ಳಬೇಕು. ಆ ಪಟ್ಟಿಯಲ್ಲಿ ಜಾತಿಯನ್ನು ಮೊದಲು ಬರೆಯಬೇಕು. ಜಾತಿ ಕೇಳದೆ ಒಂದು ಮದುವೆ ಮಾಡಿಸಿದ ಮನೆ, ನೂರು ತಟ್ಟೆ ಹಿಂದಕ್ಕೆ ಕಳಿಸಿದ ಮನೆಗಿಂತ ಮೊದಲನೆಯ ಆಜ್ಞೆಯನ್ನು ಹೆಚ್ಚು ಪಾಲಿಸಿದೆ. ಇದನ್ನು ಸೀನಾಯಿಯ ದೇವರು ನಮಗೆ ಕಲಿಸಿರಬೇಕಿತ್ತು. ಕಲಿಯದೆ ಉಳಿದಿದ್ದರೆ ನಮ್ಮ ಬಡಾವಣೆಗೆ ಹೆಸರು ಕೊಟ್ಟವನಿಂದ ಕಲಿಯಲು ಯಾವ ಕ್ರೈಸ್ತನೂ ನಾಚಬೇಕಾಗಿಲ್ಲ.